ಕ್ಯಾಮೆರಾ ಪರೀಕ್ಷಿಸಿದ ಮೇಷ್ಟರು

ಶಿಷ್ಯೆ ನೀಲಾಂಬಿಕೆ ಕೇಳಿದಳು: "ಗುರುಗಳೇ, ಮೊದಲ ಸಲ ಡಿಎಸ್‌ಎಲ್‌ಆರ್ ಕ್ಯಾಮೆರಾ ಕೊಳ್ಳುವವರು ಮೋಸ ಹೋಗದೆ ಆರಿಸುವುದು ಹೇಗೆ? ನಾಲ್ಕು ಅಂಗಡಿಗೆ ಹೋಗಿ ಬಂದೆ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾರ ಮಾತನ್ನೂ ನಂಬಲಾಗುತ್ತಿಲ್ಲ."

ಛಾಯಾಗ್ರಹಣ ಕಲಿಸುತ್ತಿದ್ದ ಗುರು ಅಡಿವೆಪ್ಪನವರು ಅವಳನ್ನು ಕೂರಲು ಹೇಳಿ, ಈ ಕತೆ ಹೇಳಿದರು.

ಒಬ್ಬ ಬಡಗಿಯಿದ್ದ. ಎತ್ತಿನ ಚಕ್ಕಡಿಗೆ ಮರದ ಗಾಲಿ ಮಾಡುವುದು ಅವನ ಕೆಲಸ. ಸುತ್ತಲಿನ ಊರುಗಳಲ್ಲಿ ಆ ಕೆಲಸ ಬಲ್ಲವರು ಬೇರೆ ಯಾರೂ ಉಳಿದಿರಲಿಲ್ಲ. ಅವನ ಮಗ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು. ಒಂದು ದಿನ ಬಡಗಿ ಮಗನಿಗೆ ಹೇಳಿದ: "ಪಕ್ಕದ ಊರಿನ ರೈತನೊಬ್ಬ ಒಂದು ಜೋಡಿ ಗಾಲಿ ಕೇಳಿದ್ದಾನೆ. ಒಪ್ಪಿಕೊಂಡಿದ್ದೇನೆ. ಇದೇ ಕೊನೆ. ನನ್ನ ಭುಜ ಇನ್ನು ಮಾತು ಕೇಳುವುದಿಲ್ಲ."

ತಂದೆಯ ಕೆಲಸ ತನಗೆ ಬರುವುದಿಲ್ಲ ಎಂಬ ಅಳುಕು ಮೇಷ್ಟರಿಗೆ ಮೊದಲಿನಿಂದಲೂ ಇತ್ತು. ಗಾಲಿ ಹುಟ್ಟುವ ಒಂದೊಂದು ಹಂತವನ್ನೂ ಚಿತ್ರ ತೆಗೆದು ಇಟ್ಟುಕೊಳ್ಳಬೇಕು ಎಂದು ನಿಶ್ಚಯಿಸಿದರು. ಅದಕ್ಕೊಂದು ಒಳ್ಳೆಯ ಕ್ಯಾಮೆರಾ ಬೇಕಾಯಿತು. ಕ್ಯಾಮೆರಾದ ಬಗ್ಗೆ ಅವರಿಗೆ ಏನೂ ತಿಳಿದಿರಲಿಲ್ಲ. ತಿಳಿಯದವನಿಗೆ ಎಲ್ಲರೂ ಮೋಸ ಮಾಡುತ್ತಾರೆ ಎಂಬುದು ಮಾತ್ರ ತಿಳಿದಿತ್ತು.

ಮೊದಲ ಅಂಗಡಿಯ ವ್ಯಾಪಾರಿ ತುಂಬ ವಿನಯದಿಂದ ಮಾತಾಡಿದ. ಹೊಚ್ಚ ಹೊಸದು ಎಂದು ಒಂದು ಪೆಟ್ಟಿಗೆ ತೆರೆದ. ಪೆಟ್ಟಿಗೆಯ ಸೀಲಿನ ಕೆಳಗೆ ಇನ್ನೊಂದು ಸೀಲಿನ ಗುರುತು ಮೇಷ್ಟರ ಕಣ್ಣಿಗೆ ಬಿತ್ತು. ಅವರು ಅಲ್ಲೇ ಒಂದು ಚಿತ್ರ ತೆಗೆದು, ಕ್ಯಾಮೆರಾ ಅದಕ್ಕೆ ಕೊಟ್ಟ ಕ್ರಮಸಂಖ್ಯೆ ನೋಡಿದರು. ಹೊಸದಾಗಿದ್ದರೆ ಅದು ಒಂದಾಗಿರಬೇಕಿತ್ತು, ನಾಲ್ಕು ಸಾವಿರ ದಾಟಿತ್ತು. ವ್ಯಾಪಾರಿ ಬೇರೆ ಕಡೆ ನೋಡುತ್ತ ಪೆಟ್ಟಿಗೆ ಮುಚ್ಚಿದ. ಮೇಷ್ಟರು ಹೊರಗೆ ಬಂದರು. ಸಿಟ್ಟಿಗಿಂತ ಸಮಾಧಾನವೇ ಹೆಚ್ಚಾಗಿತ್ತು. ತಮ್ಮ ಸಂಶಯವೇ ತಮ್ಮನ್ನು ಕಾಪಾಡಿತು ಎಂದುಕೊಂಡರು.

ಎರಡನೆಯ ಅಂಗಡಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ಕುಳಿತಿದ್ದರು. ಯಾತಕ್ಕಾಗಿ ಕ್ಯಾಮೆರಾ ಎಂದು ಅವರು ಕೇಳಿದರು. ಮೇಷ್ಟರು ಗಾಲಿಯ ವಿಷಯ ಹೇಳಿದರು. ಆಕೆ ಇರುವುದರಲ್ಲೇ ಚಿಕ್ಕದೊಂದನ್ನು ತೆಗೆದು ಅವರ ಕೈಗೆ ಕೊಟ್ಟರು.

"ಕಲಿಯುವವರಿಗೆ ಇದು ಸಾಕು. ಇದರ ಜೊತೆಗೆ ಬರುವ ಲೆನ್ಸೂ ಸಾಕು. ದೊಡ್ಡದು ಬೇಕೋ ಬೇಡವೋ ಎಂದು ಒಂದು ವರ್ಷ ಬಿಟ್ಟು ನಿಮಗೇ ಗೊತ್ತಾಗುತ್ತದೆ. ಹತ್ತು ದಿನ ಇಟ್ಟುಕೊಂಡು ನೋಡಿ. ದೋಷವಿದ್ದರೆ ವಾಪಸು ತನ್ನಿ."

ಮೇಷ್ಟರು ಕ್ಯಾಮೆರಾ ತಂದರು. ದಾರಿಯಲ್ಲೇ ಯೋಚನೆ ಹತ್ತಿತು. ದೊಡ್ಡದನ್ನು ಮಾರಬಹುದಾಗಿದ್ದವರು ಚಿಕ್ಕದನ್ನು ಏಕೆ ಕೊಟ್ಟರು? ಮಾರಾಟವಾಗದೆ ಉಳಿದ ಮಾಲೇ? ಹತ್ತು ದಿನ ಎಂದದ್ದೇಕೆ? ಹನ್ನೊಂದನೆಯ ದಿನ ಏನಾದರೂ ಆಗುತ್ತದೆಯೇ?

ಮರುದಿನ ಬಡಗಿ ಜಾಲಿ ಮರ ಕೊಯ್ದು ಕೆಲಸ ಶುರು ಮಾಡಿದ. ಮೇಷ್ಟರು ಮನೆಯೊಳಗೆ ಗೋಡೆಗೆ ದಿನಪತ್ರಿಕೆ ಅಂಟಿಸಿ ಅದರ ಚಿತ್ರ ತೆಗೆದರು. ನಡುವಿನ ಅಕ್ಷರಗಳು ಸ್ಪಷ್ಟವಾಗಿದ್ದವು. ಬಲ ಮೂಲೆಯವು ಸ್ವಲ್ಪ ಮಸುಕಾಗಿದ್ದವು. ಮತ್ತೆ ತೆಗೆದರು. ಪತ್ರಿಕೆ ಬದಲಿಸಿ ತೆಗೆದರು. ಹಿತ್ತಲಿನ ಇಟ್ಟಿಗೆ ಗೋಡೆಯನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತೆಗೆದರು.

ಅಷ್ಟರಲ್ಲಿ ಬಡಗಿ ಗಾಲಿಯ ನಡುವಿನ ಗುಂಬವನ್ನು ಕಡೆದು ಮುಗಿಸಿದ್ದ. ಅದಕ್ಕೆ ಅರಗಳನ್ನು, ಗಾಲಿಯ ಕಡ್ಡಿಗಳನ್ನು, ಒಂದೊಂದಾಗಿ ಬಡಿದು ಕೂರಿಸುತ್ತಿದ್ದ. ಮೇಷ್ಟರಿಗೆ ಆ ಸದ್ದು ಕೇಳುತ್ತಿತ್ತು. ಆದರೆ ಕ್ಯಾಮೆರಾವನ್ನು ಅಲ್ಲಿಗೆ ಒಯ್ಯಲು ಧೈರ್ಯ ಬರಲಿಲ್ಲ. ಒಳಗೆ ಮರದ ಪುಡಿ ಸೇರಿದರೆ ಅದನ್ನೇ ನೆಪ ಮಾಡಿ ವಾಪಸು ತೆಗೆದುಕೊಳ್ಳುವುದಿಲ್ಲ ಎಂದಾರು. ದೋಷವಿಲ್ಲ ಎಂದು ಖಾತ್ರಿಯಾಗಲಿ, ಆಮೇಲೆ ಹೋಗೋಣ ಎಂದುಕೊಂಡರು.

ಒಂಬತ್ತನೆಯ ದಿನ ಕೊನೆಯ ಕೆಲಸ. ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ಗಾಲಿಗೆ ತೊಡಿಸಬೇಕು. ಬಡಗಿ ಬಾಗಿಲಿಗೆ ಬಂದು ನಿಂತ.

"ಬೆಂಕಿ ಹಾಕಿದ್ದೇನೆ. ಚಿತ್ರ ತೆಗೆಯುತ್ತೇನೆ ಎಂದಿದ್ದೆಯಲ್ಲ, ಬಾ."

"ಇನ್ನೊಂದು ಪರೀಕ್ಷೆ ಬಾಕಿ ಇದೆಯಪ್ಪ. ಇದನ್ನು ಕೊಟ್ಟವರ ಮೇಲೆ ನನಗೆ ನಂಬಿಕೆಯಿಲ್ಲ."

ಬಡಗಿ ಮಗನ ಮುಖ ನೋಡಿದ, ಗೋಡೆಯ ಮೇಲಿನ ಪತ್ರಿಕೆ ನೋಡಿದ. ಬೆಂಕಿಯ ಕಡೆಗೆ ಹೋದ.

ಹತ್ತನೆಯ ದಿನ ಮೇಷ್ಟರು ಅಂಗಡಿಗೆ ಹೋಗಿ ಮಸುಕಾದ ಮೂಲೆಗಳನ್ನು ತೋರಿಸಿದರು. ಆಕೆ ಕ್ಯಾಮೆರಾ ತೆಗೆದುಕೊಂಡು, ಎದುರಿನ ಗೋಡೆಗೆ ನೇರವಾಗಿ ನಿಂತು ಒಂದು ಚಿತ್ರ ತೆಗೆದರು. ನಾಲ್ಕು ಮೂಲೆಗಳೂ ಸ್ಪಷ್ಟವಾಗಿದ್ದವು.

"ನೀವು ಓರೆಯಾಗಿ ನಿಂತು ತೆಗೆದಿದ್ದೀರಿ. ಲೆನ್ಸಿನಲ್ಲಿ ದೋಷವಿಲ್ಲ. ಆದರೂ ಬೇಡವಾದರೆ ಬಿಟ್ಟುಹೋಗಿ, ಚಿಂತೆಯಿಲ್ಲ" ಎಂದರು. ಆಮೇಲೆ ಕ್ಯಾಮೆರಾದೊಳಗಿನ ಚಿತ್ರಗಳನ್ನು ಒಂದೊಂದಾಗಿ ಸರಿಸಿದರು. ಪತ್ರಿಕೆ, ಗೋಡೆ, ಪತ್ರಿಕೆ, ಗೋಡೆ. ಕೊನೆಯ ತನಕ ಸರಿಸಿ ಕೇಳಿದರು: "ನಿಮ್ಮ ತಂದೆಯವರ ಕೆಲಸ ಇನ್ನೂ ಶುರುವಾಗಿಲ್ಲವೇ?"

ಮೇಷ್ಟರು ಕ್ಯಾಮೆರಾವನ್ನು ಕೈಗೆ ತೆಗೆದುಕೊಂಡು ಓಡುತ್ತಲೇ ಮನೆಗೆ ಬಂದರು. ಕೆಲಸದ ಜಾಗ ಗುಡಿಸಿ ಚೊಕ್ಕಟವಾಗಿತ್ತು. ಗಾಲಿಗಳನ್ನು ರೈತ ಒಯ್ದಿದ್ದ. ಉಳಿ, ಬಾಚಿಗಳನ್ನು ಬಡಗಿ ಬಾಗಿಲು ಮಾಡುವವನೊಬ್ಬನಿಗೆ ಕೊಟ್ಟುಬಿಟ್ಟಿದ್ದ. ಇನ್ನೊಂದೇ ಒಂದು ಗಾಲಿ ಮಾಡಿಕೊಡಪ್ಪ ಎಂದು ಮಗ ಕೇಳಿದ. ಬಡಗಿ ಬಲಗೈ ಎತ್ತಲು ನೋಡಿದ. ಅದು ಎದೆಯ ಮಟ್ಟಕ್ಕೆ ಬಂದು ನಿಂತಿತು.

ಮೇಷ್ಟರು ಪಕ್ಕದ ಊರಿಗೆ ಹೋಗಿ ಚಕ್ಕಡಿಗೆ ಹಾಕಿದ್ದ ಆ ಗಾಲಿಗಳ ಚಿತ್ರ ತೆಗೆದರು. ಚಿತ್ರ ಚೆನ್ನಾಗಿಯೇ ಬಂತು. ಅದನ್ನು ನೋಡಿ ಯಾರೂ ಗಾಲಿ ಮಾಡುವುದನ್ನು ಕಲಿಯಲಾರರು. ಆ ಕ್ಯಾಮೆರಾ ಮುಂದೆ ಎಷ್ಟೋ ವರ್ಷ ಕೆಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ನೀಲಾಂಬಿಕೆ ಕೇಳಿದಳು: "ಹಾಗಾದರೆ ಮೇಷ್ಟರು ಸಂಶಯ ಪಟ್ಟದ್ದೇ ತಪ್ಪೇ? ಮೊದಲ ವ್ಯಾಪಾರಿ ನಿಜವಾಗಿ ಮೋಸಗಾರನಲ್ಲವೇ? ನಾನೀಗ ಯಾವ ಕ್ಯಾಮೆರಾ ಕೊಳ್ಳಲಿ ಗುರುಗಳೇ?"

ಗುರುಗಳು ಹೇಳಿದರು: "ಯಾರ ಚಿತ್ರ ತೆಗೆಯಬೇಕೆಂದಿದ್ದೀಯೆ ಎಂಬುದನ್ನು ನೀನು ಇನ್ನೂ ಹೇಳಲೇ ಇಲ್ಲ."