ಬೀಗರ ಮಂಗಳದ ಮಂಟಪ

ಹರದನಕೋಟೆಯಲ್ಲಿ ನೋಡುವುದು ಬಹಳವಿಲ್ಲ. ಬುರುಜು, ಕಲ್ಯಾಣಿ, ಕುದುರೆಲಾಯ. ಮಧ್ಯಾಹ್ನದೊಳಗೆ ಮುಗಿಯುತ್ತದೆ. ಆಮೇಲೆ ಬಂದವರೆಲ್ಲ ಕೋಟೆಯ ನಡುವಿನ ಕಲ್ಲುಮಂಟಪಕ್ಕೆ ಬರುತ್ತಾರೆ, ಅಲ್ಲಿ ಭಾನುವಾರ ಕಚೇರಿ ಇರುತ್ತದೆ. ಹೊರಗಿನ ಫಲಕದಲ್ಲಿ ‘ಸಂಗೀತ ಮಂಟಪ’ ಎಂದಿದೆ. ಊರಿನವರು ಹಾಗೆ ಕರೆಯುವುದಿಲ್ಲ, ಬೀಗರ ಮಂಗಳದ ಮಂಟಪ ಎನ್ನುತ್ತಾರೆ. ಇಲ್ಲಿ ಹಾಡುಗಾರ ಮಂಗಳ ಹಾಡುವುದಿಲ್ಲ. ಕೊನೆಗೆ ಸುಮ್ಮನಾಗುತ್ತಾನೆ. ಕೇಳುವವರಲ್ಲಿ ಹಿರಿಯನೊಬ್ಬ ಹಾಡುತ್ತಾನೆ. ಸ್ವರ ಸೇರಬೇಕೆಂದೇನೂ ಇಲ್ಲ.

ಹಿಂದೆ ಒಮ್ಮೆ ಈ ಕೋಟೆಯನ್ನು ಕಾಟಪ್ಪನಾಯಕನೆಂಬ ಪಾಳೆಯಗಾರ ಆಳುತ್ತಿದ್ದ. ಅವನಿಗೆ ಒಬ್ಬನೇ ಮಗ. ಆ ಕಾಲದಲ್ಲಿ ಹೆಣ್ಣು ಕೊಡುವವರು ಮೊದಲು ಬಂದು ಗಂಡಿನ ಮನೆ ನೋಡಬೇಕು. ಪಾಳೆಯಗಾರರಾದರೆ ಕೋಟೆ ನೋಡಬೇಕು. ಹಾಗೆ ನೋಡಿ ಹೋದವರು ಯಾರೂ ತಿರುಗಿ ಬಂದಿರಲಿಲ್ಲ, ಏಕೆಂದರೆ ಪಡುವಣ ಗೋಡೆ ಮಳೆಗೆ ಕುಸಿದು ಆನೆ ನುಗ್ಗುವಷ್ಟು ಸಂದಿಯಾಗಿತ್ತು. ಮಗನ ಮೀಸೆ ನರೆಯತೊಡಗಿತ್ತು. ಅಷ್ಟರಲ್ಲಿ ಮುತ್ತಿಗೆದುರ್ಗದ ಜಡೆಪ್ಪನಾಯಕ ಹೇಳದೆ ಕೇಳದೆ ಒಂದು ಬೆಳಿಗ್ಗೆ ಬಂದಿಳಿದ. ಮಗಳಿದ್ದಾಳೆ, ಕೋಟೆ ತೋರಿಸಿ ಎಂದ. ಕಾಟಪ್ಪನಾಯಕ ಗಾರೆಯವರನ್ನೆಲ್ಲ ಗೋಡೆಗೆ ಅಟ್ಟಿದ. ಬುರುಜು, ಕಲ್ಯಾಣಿ, ಲಾಯಗಳನ್ನು ನಿಧಾನವಾಗಿ ತೋರಿಸಿ ಬೀಗನನ್ನು ಮಂಟಪಕ್ಕೆ ಕರೆತಂದ. ಆಸ್ಥಾನದ ವಿದ್ವಾಂಸ ನರಹರಿಯಾಚಾರ್ಯರನ್ನು ಕಂಬದ ಮರೆಗೆ ಕರೆದ.

“ಆಚಾರ್ಯರೇ, ಗೋಡೆ ಏಳುವ ತನಕ ಮಂಗಳ ಹಾಡಕೂಡದು.”

“ಬೀಗರ ಊಟ?”

“ಆಮೇಲೆ.”

“ನನ್ನದು?”

“ಅದಕ್ಕೂ ಆಮೇಲೆ.”

ಮಂಗಳವಾಗದೆ ಕಚೇರಿಯಿಂದ ಎದ್ದರೆ ಮನೆಗೆ ಅಶುಭ ಎಂಬುದು ಇಲ್ಲಿಯ ಕಟ್ಟುಪಾಡು. ದೊರೆಯಾದರೂ ಏಳುವಂತಿಲ್ಲ. ಜಡೆಪ್ಪನಾಯಕ ಕೂತ. ಆಚಾರ್ಯರು ಅಂದು ಹಾಡಿದಂತೆ ಎಂದೂ ಹಾಡಿರಲಿಲ್ಲವಂತೆ. ಹಸಿದ ಸಿಟ್ಟಿಗೋ ಏನೋ, ಕಂಠ ಕೋಟೆಯ ತುಂಬ ಮೊಳಗಿತು. ಬಿಸಿಲು ಕಂಬದಿಂದ ಕಂಬಕ್ಕೆ ಸರಿಯಿತು. ಅಡುಗೆಮನೆಯಿಂದ ಒಗ್ಗರಣೆಯ ಘಮ ಬಂದು, ನಿಂತು, ಆರಿಹೋಯಿತು. ಬೀಗ ಪಕ್ಕಕ್ಕೆ ಬಾಗಿದ.

“ನಾಯಕರೇ, ಇವರಿಗೆ ಮಂಗಳ ಗೊತ್ತಿದೆಯೋ ಇಲ್ಲವೋ?”

“ಗೊತ್ತಿದೆ. ಮನಸ್ಸು ತುಂಬಬೇಕು.”

“ಹೊಟ್ಟೆ ಖಾಲಿಯಾಗಿದೆಯಲ್ಲ!”

ಕಾಟಪ್ಪನಾಯಕ ಮುಖ ತಿರುಗಿಸಿದ. ತಿರುಗಿಸಿದ್ದರಿಂದ ಹಿಂದೆ ಕೂತವರು ಕಂಡರು. ಕೊನೆಯ ಸಾಲಿನಲ್ಲಿ ಗಾರೆಯವರು ಒಬ್ಬರೂ ಬಿಡದಂತೆ ಕೂತಿದ್ದರು. ಹಾಡು ಕೇಳಿ ಒಬ್ಬ ಬಂದನಂತೆ, ಅವನನ್ನು ಕರೆಯಲು ಇನ್ನೊಬ್ಬ, ಹೀಗೆ ಎಲ್ಲರೂ. ಮೇಸ್ತ್ರಿ ಬೋವಿ ದುಗ್ಗಪ್ಪ ಮೊಣಕೈವರೆಗೆ ಸುಣ್ಣ ಮೆತ್ತಿಕೊಂಡು ತೊಡೆಯ ಮೇಲೆ ತಾಳ ಹಾಕುತ್ತಿದ್ದ. ನಾಯಕ ಹಲ್ಲು ಕಚ್ಚಿ, ಹೋಗು ಎಂದು ಕಣ್ಣಿನಲ್ಲೇ ಗದರಿದ. ದುಗ್ಗಪ್ಪ ಕೈ ಮುಗಿದು ಪಿಸುಗುಟ್ಟಿದ: “ಮಂಗಳ ಆಗಲಿ ಧಣಿ, ಎದ್ದು ಹೋಗ್ತೀವಿ. ನಿಮ್ಮ ಮನೆಗೆ ಅಶುಭ ಆಗಬಾರದು.”

ಮಂಗಳವಾಗದೆ ಅವರು ಏಳುವುದಿಲ್ಲ. ಅವರು ಎದ್ದು ಗೋಡೆ ಕಟ್ಟದೆ ಮಂಗಳವಿಲ್ಲ. ಕಾಟಪ್ಪನಾಯಕ ತಲೆ ಹಿಡಿದುಕೊಂಡ. ಆಚಾರ್ಯರು ಮತ್ತೊಂದು ರಾಗಕ್ಕೆ ಕೈ ಎತ್ತಿದರು. ಆಗ ಜಡೆಪ್ಪನಾಯಕ ಕೂತಲ್ಲೇ ಕಣ್ಣು ಮುಚ್ಚಿ ತಾನೇ ಮಂಗಳ ಹಾಡಿಬಿಟ್ಟ. ಲಾಯದ ಕುದುರೆಗಳು ಹಗ್ಗ ಜಗ್ಗಿದವು ಎನ್ನುತ್ತಾರೆ. ಆದರೆ ಹಾಡಿದ್ದು ಮಂಗಳವೇ. ಯಾರು ಹಾಡಬೇಕೆಂದು ಎಲ್ಲೂ ಕಟ್ಟುಪಾಡಿಲ್ಲ. ಆಚಾರ್ಯರು ಎಲ್ಲರಿಗಿಂತ ಮೊದಲು ಎದ್ದರು.

ಗಾರೆಯವರು ಪಡುವಣಕ್ಕೆ ಓಡಿದರು. ಊಟ ಅಲ್ಲೇ ಇರಬೇಕೆಂದು ಬೀಗ ಅವರ ಹಿಂದೆ ಓಡಿದ. ಊಟವಿರಲಿಲ್ಲ, ಸಂದಿ ಇತ್ತು. ಸಂದಿಯಾಚೆ ಸೂರ್ಯ ಮುಳುಗುತ್ತಿದ್ದ.

“ಇದಕ್ಕೇ ನನ್ನನ್ನು ಉಪವಾಸ ಕೂರಿಸಿದಿರಾ?”

“ಹೌದು,” ಎಂದ ಹಿಂದೆಯೇ ಓಡಿಬಂದಿದ್ದ ಕಾಟಪ್ಪನಾಯಕ. ಮದುವೆ ಮುರಿಯಿತೆಂದೇ ತಿಳಿದಿದ್ದ.

ಜಡೆಪ್ಪನಾಯಕ ಸಂದಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಕಾಟಪ್ಪನಾಯಕನ ಭುಜದ ಮೇಲೆ ಕೈ ಹಾಕಿದ. “ನಮ್ಮ ಕೋಟೆಗೆ ಪಡುವಣದಲ್ಲಿ ಗೋಡೆಯೇ ಇಲ್ಲ ಮಾರಾಯರೇ, ತೆಂಕಣದಲ್ಲೂ ಇಲ್ಲ. ನೀವು ಅತ್ತ ಬಂದು ನೋಡಿಬಿಟ್ಟರೆ ಎಂದು ಹೆದರಿ ನಾನೇ ಮೊದಲು ಇತ್ತ ಬಂದೆ. ಹೆಣ್ಣು ಕೊಟ್ಟಿದ್ದೇನೆ. ಅನ್ನ ಹಾಕಿ.”

ಗೋಡೆ ಕಟ್ಟಿಸುವ ಗೋಜಿಗೆ ಮತ್ತೆ ಯಾರೂ ಹೋಗಲಿಲ್ಲ. ಮದುವೆಯ ದಿಬ್ಬಣ ಆ ಸಂದಿಯಿಂದಲೇ ಒಳಗೆ ಬಂತು. ಈಗ ಅಲ್ಲಿಂದ ಪ್ರವಾಸಿಗಳ ಬಸ್ಸುಗಳು ಬರುತ್ತವೆ. ಜೊತೆಗೆ ಬರುವ ಗೈಡು ಅದನ್ನು ಪಡುವಣ ಹೆಬ್ಬಾಗಿಲು ಎಂದು ತೋರಿಸುತ್ತಾನೆ. ಜನ ಇಳಿದು ಫೋಟೋ ತೆಗೆಯುತ್ತಾರೆ. ಬಾಗಿಲು ಎಲ್ಲಿ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ.