ತಿಪ್ಪವ್ವನ ತೊಟ್ಟಿಲ ಹಗ್ಗ

ಬಲು ಹಿಂದಿನ ಮಾತು, ನಮ್ಮ ಅಜ್ಜಿಯ ಅಜ್ಜಿಗೂ ಕೇಳಿಯೇ ಗೊತ್ತಿದ್ದ ಮಾತು. ಹೊಳೆದಂಡೆಯ ಒಂದೂರಿನ ನೇಕಾರರ ಓಣಿಯಲ್ಲಿ ತಿಪ್ಪವ್ವ ಎಂಬಾಕೆ ಇದ್ದಳಂತೆ. ಕೆಟ್ಟ ಮಗ್ಗ ಸರಿಮಾಡುವುದನ್ನು ಅವಳಿಗೆ ಯಾರೂ ಕಲಿಸಲಿಲ್ಲ. ನೋಡಿದಳು, ಬಿಚ್ಚಿದಳು, ಕೂಡಿಸಿದಳು, ಕಲಿತಳು. ಹಾಗಂತ ಅವಳೇ ಊರಿಗೆಲ್ಲ ಹೇಳಿಕೊಳ್ಳುತ್ತಿದ್ದಳಂತೆ.

ಪಕ್ಕದ ಮನೆಯ ಚಂಪವ್ವ ಚೊಚ್ಚಲ ಬಾಣಂತಿ. ತೊಟ್ಟಿಲು ನಿಂತರೆ ಕೂಸು ಚೀರುತ್ತಿತ್ತು. ತೂಗಿ ತೂಗಿ ಅವಳ ಕಣ್ಣು ಗುಳಿಬಿದ್ದವು, ಎದೆಹಾಲು ಬತ್ತತೊಡಗಿತು. ನಿದ್ದೆಯಿಲ್ಲದೆ ಈ ತಾಯಿ ಉಳಿಯುವುದಿಲ್ಲ ಅಂತ ಸೂಲಗಿತ್ತಿ ಹೇಳಿಹೋದಳಂತೆ.

ತಿಪ್ಪವ್ವ ಆ ಮನೆಯ ಮಗ್ಗ ನೋಡಿದಳು, ತೊಟ್ಟಿಲು ನೋಡಿದಳು. ನೇಕಾರ ಕಾಲಲ್ಲಿ ತುಳಿಯುವ ಹಲಗೆಯಿಂದ ಒಂದು ಹಗ್ಗ ಎಳೆದು, ಜಂತಿಯ ಮೇಲೆ ಹಾಯಿಸಿ, ತೊಟ್ಟಿಲಿಗೆ ಕಟ್ಟಿದಳು. ಚಂಪವ್ವನ ಗಂಡ ನೇಯ್ದಷ್ಟು ಹೊತ್ತು ತೊಟ್ಟಿಲು ತೂಗಿತು, ಕೂಸು ಮಲಗಿತು. ನೋಡನೋಡುತ್ತ ಕೂಸಿದ್ದ ಮನೆಗಳಿಗೆಲ್ಲ ಹಗ್ಗ ಬಂತು. ತಿಪ್ಪವ್ವ ಬೀಗುತ್ತ ಓಣಿಯ ನಟ್ಟನಡುವೆ ನಡೆಯತೊಡಗಿದಳಂತೆ.

ಆಮೇಲೆ ಅಮಾವಾಸ್ಯೆ ಬಂತು. ಅವತ್ತು ಆ ಓಣಿಯಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ತಿಪ್ಪವ್ವನಿಗೆ ಅದೊಂದು ಹೊಳೆದಿರಲೇ ಇಲ್ಲ. ಮಗ್ಗ ನಿಂತವು, ತೊಟ್ಟಿಲು ನಿಂತವು, ಓಣಿಗೆ ಓಣಿಯೇ ಚೀರಿತು. ಕೈಯಲ್ಲಿ ತೂಗಿದರೆ ಮಗ್ಗದ ತೂಗಿಗೆ ಒಗ್ಗಿದ ಕೂಸುಗಳು ಒಪ್ಪಲಿಲ್ಲ.

"ಕೂಸು ಮಲಗಸ್ತೀನಿ ಅಂದಾಕಿ ಗುಡಿಯಾಗಿನ ದೇವರನ್ನೂ ಎಬ್ಬಿಸಿದೆಲ್ಲವಾ!" ಅಂದ ಓಣಿಯ ಹಿರಿಯ ಈರಬಸಜ್ಜ. "ಹಗ್ಗ ಕೊಯ್ದು ಒಗಿ."

"ನಾ ಕಟ್ಟಿದ್ದು ನಾನ ಬಿಚ್ಚತೀನಿ ಯಜ್ಜಾ. ಆದ್ರ ಒಮ್ಮಿಗೇ ಅಲ್ಲ."

ಮೊದಲಿಗೆ ಚಂಪವ್ವನ ಮನೆಯ ಗೋಡೆಗೆ ಸಾಲಾಗಿ ಕಚ್ಚು ಕೆತ್ತಿದ ಹಲಗೆಯೊಂದನ್ನು ಬಡಿದು, ಹಗ್ಗವನ್ನು ಅದಕ್ಕೆ ಸಿಕ್ಕಿಸಿದಳು. ದಿನಕ್ಕೊಂದು ಕಚ್ಚು ಕೆಳಗಿಳಿಸಿದರೆ ಹಗ್ಗ ಅಷ್ಟು ಸಡಿಲ. ಮೊದಲು ಮೊಳದಷ್ಟು ತೂಗಿದ ತೊಟ್ಟಿಲು ಬರಬರುತ್ತ ಗೇಣು ತೂಗಿತು, ಆಮೇಲೆ ಬೆರಳಷ್ಟು.

"ಅಳಾಕತ್ತೈತಿ ಯಕ್ಕಾ!" ಅಂತ ಚಂಪವ್ವ ಎದ್ದೋಡುವಳು.

"ಹೋಗವಾ, ಬ್ಯಾಡ ಅಂದೋರ್ಯಾರು? ಕೂಸಿನ ಎದಿ ಮ್ಯಾಲ ಕೈ ಇಡು. ತೂಗಬ್ಯಾಡ, ಅಷ್ಟ."

ಮತ್ತೆ ಅಮಾವಾಸ್ಯೆ ಬಂತು. ಮಗ್ಗ ನಿಂತವು. ಮಧ್ಯಾಹ್ನದ ಊಟದ ಹೊತ್ತಾದ ಮೇಲೆ ಚಂಪವ್ವ ಕೂಸನ್ನು ಎಚ್ಚರವಿದ್ದಾಗಲೇ ತೊಟ್ಟಿಲಿಗೆ ಹಾಕಿದಳು. ತಿಪ್ಪವ್ವನಿಗೆ ಕೂಡಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಕೂಸು ಕುಂಯ್ ಅಂದಿತು. ಜಂತಿ ನೋಡಿತು. ಮುಷ್ಟಿ ಬಾಯಿಗಿಟ್ಟುಕೊಂಡು ತನ್ನಷ್ಟಕ್ಕೆ ಏನೋ ಗುನುಗಿತು. ಹಾಗೇ ಕಣ್ಣು ಮುಚ್ಚಿತು.

ನೋಡಿದೆಯಾ ನನ್ನ ಕೆಲಸ, ಅನ್ನಲು ತಿಪ್ಪವ್ವ ತಿರುಗಿದಳು. ಚಂಪವ್ವ ಗೋಡೆಗೆ ಒರಗಿ, ಬಾಯಿ ತೆರೆದು, ಗಾಢ ನಿದ್ದೆಯಲ್ಲಿದ್ದಳು. ತಿಪ್ಪವ್ವ ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು. ಹೊರಗೆ ಬಂದು ಕಟ್ಟೆಯ ಮೇಲೆ ಕೂತು, ಏನಾಯಿತೆಂದು ಕೇಳಬಂದವರನ್ನೆಲ್ಲ ಕೈಸನ್ನೆಯಲ್ಲೇ ಅಟ್ಟಿದಳಂತೆ. ಅವಳು ಮಾತಾಡದೆ ಕೂತದ್ದನ್ನು ಊರು ಅವತ್ತೇ ಮೊದಲು ಕಂಡಿದ್ದಂತೆ.

ಚಂಪವ್ವ ಮೂರು ದಿನ ಮಲಗಿದಳು ಅಂತ ಕೆಲವರು ಹೇಳುತ್ತಾರೆ. ಹೊಳೆಯೂ ಸದ್ದು ಮಾಡದೆ ಹರಿಯಿತು ಅನ್ನುವವರೂ ಇದ್ದಾರೆ. ಇರಲಿ.

ಇಂದಿಗೂ ಆ ಓಣಿಯಲ್ಲಿ ಅಮಾವಾಸ್ಯೆಯ ಮಧ್ಯಾಹ್ನ ಕೂಸಿನ ತಾಯಿಯನ್ನು ಮಲಗಿಸುತ್ತಾರೆ. ಮನೆಯಲ್ಲಿ ಎಲ್ಲರಿಗಿಂತ ಬಾಯಿ ಜೋರಿರುವ ಹೆಂಗಸನ್ನು ಹುಡುಕಿ ಹೊರಗೆ ಕಟ್ಟೆಯ ಮೇಲೆ ಕೂಡಿಸುತ್ತಾರೆ. ಒಳಗಿನವಳು ತಾನಾಗಿ ಎದ್ದು ಬರುವ ತನಕ ಆಕೆ ತುಟಿ ಬಿಚ್ಚುವಂತಿಲ್ಲ.