ಬುದ್ಧಿಯವರು ಜೇನು ಮುಟ್ಟದ ದಿನ

ಇದನ್ನ ಯಾರ ಹತ್ರಾನೂ ಹೇಳ್ಬಾರ್ದು ಅಂತ ನಮ್ಮೂರ ಆಸ್ಪತ್ರೆ ನರ್ಸ್ ಪ್ರಭಾಮಣಿ ಸಿಸ್ಟರ್ ಆಣೆ ಹಾಕಿಸ್ಕೊಂಡಿದ್ರು. ಕ್ಷಮಿಸಿ, ಹೇಳ್ತಿದೀನಿ. ಬುದ್ಧಿಯವರು, ಅಂದ್ರೆ ನಮ್ಮ ಮಠದ ಸ್ವಾಮಿಗಳು, ಲಿಂಗೈಕ್ಯರಾಗಿ ಎರಡು ವರ್ಷ ಆಯ್ತು.

ಕಲ್ಲುಬಾವಿ ಮಠ ಅಂದ್ರೆ ಎರಡೇ ಕೋಣೆ, ಮುಂದೊಂದು ಜಗಲಿ. ಆವತ್ತು ಬುದ್ಧಿಯವರು ಜಗಲಿ ಮೇಲೆ ಕೂತು ಅವರೆಕಾಯಿ ಸುಲೀತಿದ್ರು. ಸಿಸ್ಟರ್ ಸ್ಕೂಟರ್ ನಿಲ್ಲಿಸಿ ಬಂದ್ರು. ಕೈ ಮುಗೀಲಿಲ್ಲ. ಸ್ವಾಮಿಗಳು ಅಂದ್ರೆ ಅವರಿಗೆ ಮೊದಲಿಂದಾನೂ ಅಷ್ಟಕ್ಕಷ್ಟೆ.

"ನಿನ್ನೆ ಹುಟ್ಟಿದ ಮಗು, ಎರಡು ಕೇಜಿನೂ ಇಲ್ಲ. ನೀವು ಜೇನು ನೆಕ್ಕಿಸೋವರ್ಗೂ ತಾಯಿ ಹಾಲು ಕೊಡಬಾರ್ದಂತೆ. ಅಜ್ಜಿ ಹಟ. ಅಳೋಕೂ ಶಕ್ತಿಯಿಲ್ಲ ಅದಕ್ಕೆ. ಈಗ ಇಲ್ಲಿಗೇ ಕರ್ಕೊಂಡ್ ಬರ್ತಿದಾರೆ."

ಬುದ್ಧಿಯವರ ಕೈ ನಿಂತಿತು. "ಮೊದಲ ಹಾಲು ಏನ್ಮಾಡ್ತಾರಮ್ಮಾ?"

"ಕೆಟ್ಟ ಹಾಲು ಅಂತ ಹಿಂಡಿ ಚೆಲ್ತಾರೆ."

"ಮೂವತ್ತು ವರ್ಷದಿಂದ ನೆಕ್ಕಿಸ್ತಿದೀನಿ. ಒಬ್ಬರೂ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ." ಅವರೆಕಾಯಿ ಪಕ್ಕಕ್ಕೆ ಸರಿಸಿ ಅಂದ್ರು: "ನೀವು ಬಂದು ಹೇಳಿದ್ದು ಯಾರಿಗೂ ಗೊತ್ತಾಗೋದು ಬೇಡ. ಗೊತ್ತಾದ್ರೆ ನಾಳೆ ಯಾವ ಮನೇಲೂ ನಿಮ್ಮನ್ನ ಒಳಕ್ಕೆ ಬಿಡಲ್ಲ. ಬೈಯೋದಾದ್ರೆ ನನ್ನ ಬೈಲಿ."

ಬೈಸ್ಕೊಳ್ಳೋಕೆ ಮುಂದೆ ಬರೋರನ್ನ ಸಿಸ್ಟರ್ ಅಲ್ಲೀವರ್ಗೂ ಕಂಡಿರ್ಲಿಲ್ಲ.

ಅಷ್ಟರಲ್ಲಿ ಆಟೋ ಬಂತು. ಅಜ್ಜಿ ಪುಟ್ಟಮಾದಮ್ಮ ಮೊದಲು ಇಳಿದಳು. ಹಿಂದೆ ಸೊಸೆ ಚಿಕ್ಕತಾಯಿ, ಮಡಿಲಲ್ಲಿ ಬಟ್ಟೆ ಸುತ್ತಿದ ಮಗು.

"ಅಡ್ಡಬಿದ್ದೆ ಬುದ್ಧೀ! ಒಂದು ಬೊಟ್ಟು ಜೇನು ನೆಕ್ಕ್ಸಿ, ನಿಮ್ಮ ಗುಣ ಬರ್ಲಿ. ಇದ್ರ ತಾತನ ಗುಣ ಬಂದ್ರೆ ಮನೆ ಉಳಿಯಾಕಿಲ್ಲ!"

ಬುದ್ಧಿಯವರು ನಕ್ಕರು. "ಮಾದಮ್ಮಾ, ಹೋದ ತಿಂಗಳು ನನಗೆ ಗಿಣ್ಣು ತಂದುಕೊಟ್ಟೆಯಲ್ಲ. ಕರುಗೆ ಕುಡಿಸಿದ್ಯೋ, ಎಲ್ಲಾ ನನಗೇ ತಂದ್ಯೋ?"

"ಏನ್ ಬುದ್ಧೀ ಹಿಂಗಂತೀರಿ! ಮೊದ್ಲು ಕರುಗೆ. ಆ ಹಾಲು ಹೊಟ್ಟೆಗೆ ಬೀಳ್ದಿದ್ರೆ ಕರು ಎದ್ದು ನಿಂತಾದಾ?"

"ಹಂಗಾದ್ರೆ ಇದು ಎದ್ದು ನಿಲ್ಲೋದು ಬೇಡ್ವಾ?"

ಅಷ್ಟೇ ಅವರಂದಿದ್ದು. ಎದ್ದು ಒಳಗೆ ಹೋದ್ರು. ಅಗಣಿ ಹಾಕಿದ ಸದ್ದು ಕೇಳಿಸ್ತು.

ಪುಟ್ಟಮಾದಮ್ಮ ಬಾಗಿಲು ಬಡಿದಳು. "ಬುದ್ಧೀ, ತಪ್ಪಾಯ್ತು, ಒಂದೇ ಬೊಟ್ಟು!" ಬೇಡಿದಳು, ಅತ್ತಳು. "ಬಡವರ ಮಗು ಅಂತ ತಾನೆ ತೆಗೀದಿರೋದು? ದೊಡ್ಡೋರ ಮನೇದಾಗಿದ್ರೆ ಓಡಿ ಬರ್ತಿದ್ರಿ!" ಅಂತ ಬೈದೂ ಬಿಟ್ಟಳು. ಒಳಗಿಂದ ಕೆಮ್ಮಿನ ಸದ್ದೂ ಇಲ್ಲ.

ಚಿಕ್ಕತಾಯಿ ಒಂದ್ಸಲ ಅತ್ತೆ ಮುಖ ನೋಡಿದಳು. ಜಗಲಿ ಮೂಲೇಲಿ ಕೂತು ಸೆರಗು ಮರೆ ಮಾಡ್ಕೊಂಡಳು. ಮಗು ಬಾಯಿಗೆ ಮೊದಲು ಮೊಲೆ ಸಿಗಲೇ ಇಲ್ಲ. ಸಿಸ್ಟರ್ ಹತ್ರ ಕೂತು ತಲೆ ಹಿಡಿದ್ರು. ಒಂದ್ಸಲ ಸಿಕ್ತು. ಆಮೇಲೆ ಬಿಡಲಿಲ್ಲ. ಗುಟುಕು ಗುಟುಕಾಗಿ ಗಂಟಲಿಗೆ ಇಳಿಯೋ ಸದ್ದು ಕೇಳ್ತಾ ಪುಟ್ಟಮಾದಮ್ಮ ಬಾಗಿಲು ಬಡಿಯೋದನ್ನ ನಿಲ್ಲಿಸಿದಳು. ಬಂದು ಸೊಸೆ ಬೆನ್ನಿಗೆ ತನ್ನ ಕೈ ಒತ್ತುಕೊಟ್ಟಳು.

ಅವರನ್ನ ಆಟೋ ಹತ್ತಿಸಿ ಕಳಿಸಿದ ಮೇಲೆ ಸಿಸ್ಟರ್ ಚಪ್ಪಲಿ ಬಿಟ್ಟು ಮತ್ತೆ ಜಗಲಿ ಹತ್ತಿದ್ರು. ಬಾಗಿಲು ಮೆಲ್ಲಗೆ ತಟ್ಟಿ, ಜೀವನದಲ್ಲಿ ಮೊದಲನೇ ಸಲ ಅಂದ್ರು: "ಅಡ್ಡಬಿದ್ದೆ ಬುದ್ಧೀ."

ಬಾಗಿಲು ತೆರೀಲಿಲ್ಲ. ಒಳಗಿಂದ ಒಂದು ಕೆಮ್ಮು ಕೇಳಿಸ್ತು ಅಷ್ಟೇ, ಸಿಸ್ಟರ್ ಬಂದಿದ್ದೇ ಗೊತ್ತಿಲ್ಲ ಅನ್ನೋ ಹಾಗೆ.